ಜಾಫ್ನಾದಲ್ಲಿ ಸೈಕಲ್: ಯಾವ ತಿಂಗಳಿಗೆ ಯಾವ ದಾರಿ?

ಶ್ರೀಲಂಕಾದ ಉತ್ತರ ತುದಿಗೆ, ಜಾಫ್ನಾ ಪರ್ಯಾಯ ದ್ವೀಪಕ್ಕೆ ಸೈಕಲ್ ಒಯ್ಯುವ ಆಸೆ ಇರುವವರು ಮೊದಲು ಕೇಳುವುದು ಏರು ಎಷ್ಟಿದೆ ಅಂತ. ಏರು ಇಲ್ಲವೇ ಇಲ್ಲ. ಇಡೀ ನೆಲ ಸುಣ್ಣಕಲ್ಲಿನ ಚಪ್ಪಟೆ ಹಾಸು. ಒಂದು ನದಿಯೂ ಸರಿಯಾಗಿ ಹರಿಯುವುದಿಲ್ಲ, ಕುಡಿಯುವುದಕ್ಕೂ ಬೇಸಾಯಕ್ಕೂ ಬಾವಿ ನೀರೇ ಗತಿ. ನಂದಿ ಬೆಟ್ಟ, ಆಗುಂಬೆ ಹತ್ತಿ ಅಭ್ಯಾಸ ಇರುವವರಿಗೆ ನಕ್ಷೆ ನೋಡಿದ ತಕ್ಷಣ 'ಇಷ್ಟೇನಾ' ಅನಿಸುತ್ತದೆ.

ಆದರೆ ಇಲ್ಲಿ ಕಾಲು ಸೋಲಿಸುವುದು ಗಾಳಿ. ಅದರ ಜೊತೆಗೆ ನೆರಳಿಲ್ಲದ ಬಿಸಿಲು. ಹಾಗಾಗಿ ಕಿಲೋಮೀಟರ್ ಲೆಕ್ಕ ಹಾಕಿ ದಾರಿ ಆರಿಸಿದರೆ ಎಡವಟ್ಟಾಗುತ್ತದೆ. ಜುಲೈನಲ್ಲಿ ಆರಾಮಾಗಿ ಮುಗಿಯುವ 60 ಕಿ.ಮೀ. ಜನವರಿಯಲ್ಲಿ ವಾಪಸ್ ಬರುವಾಗ ಜೀವ ಹಿಂಡಬಹುದು. ರಸ್ತೆ ಅದೇ, ಸೈಕಲ್ ಅದೇ.

ಮೊದಲು ಗಾಳಿ ಲೆಕ್ಕ

ಸುಮಾರು ಮೇನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯದಿಂದ ಬೀಸುತ್ತದೆ. ಊರಿನವರು ಇದನ್ನು ಚೋಳಗಂ ಅನ್ನುತ್ತಾರೆ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಮಳೆ ಸುರಿಸುವುದು ಇದೇ ಗಾಳಿ. ಜಾಫ್ನಾಕ್ಕೆ ಬರುವ ಹೊತ್ತಿಗೆ ಅದರಲ್ಲಿ ಮಳೆ ಇರುವುದಿಲ್ಲ, ಜೋರು ಮಾತ್ರ ಇರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿನ ಮಳೆಗಾಲ, ತಮಿಳುನಾಡಿನ ಹಾಗೆಯೇ. ಆ ತಿಂಗಳುಗಳನ್ನು ಬಿಟ್ಟುಬಿಡಿ. ಗದ್ದೆ, ರಸ್ತೆ, ಹಿನ್ನೀರು ಎಲ್ಲ ಒಂದಾಗುವ ದಿನಗಳೂ ಇರುತ್ತವೆ. ಆಮೇಲೆ ಜನವರಿ, ಫೆಬ್ರವರಿಯಲ್ಲಿ ಈಶಾನ್ಯದ ಗಾಳಿ, ವಾಡೈ. ತಂಪಾಗಿರುತ್ತದೆ, ಆದರೆ ಬಿಡದೆ ಬೀಸುತ್ತದೆ. ಸಂಕ್ರಾಂತಿ ದಿನ ವಲ್ವೆಟ್ಟಿತ್ತುರೈ ಕಡಲ ದಂಡೆಯಲ್ಲಿ ದೊಡ್ಡ ಗಾಳಿಪಟ ಹಬ್ಬ ನಡೆಯುವುದು ಈ ಗಾಳಿಯನ್ನೇ ನಂಬಿಕೊಂಡು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಗಾಳಿ ಸಣ್ಣದಾಗುತ್ತದೆ, ಬಿಸಿಲು ಏರುತ್ತದೆ.

ಇಷ್ಟು ಗೊತ್ತಿದ್ದರೆ ಅರ್ಧ ಆಯ್ಕೆ ಮುಗಿದ ಹಾಗೆ. ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನ ಗಾಳಿ ಸಿಗುವ ದಾರಿ ಹಿಡಿಯಿರಿ. ಬೆಳಿಗ್ಗೆ ಗಾಳಿಯೂ ಕಮ್ಮಿ, ಕಾಲೂ ತಾಜಾ. ಮಧ್ಯಾಹ್ನ ಎರಡೂ ತಿರುಗಿ ಬೀಳುತ್ತವೆ. ದ್ವೀಪಗಳಿರುವುದು ಪಟ್ಟಣದ ಪಶ್ಚಿಮಕ್ಕೂ ನೈಋತ್ಯಕ್ಕೂ. ಪಾಯಿಂಟ್ ಪೆಡ್ರೋ ಇರುವುದು ಈಶಾನ್ಯಕ್ಕೆ. ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ಗೆ ದ್ವೀಪದ ದಾರಿ, ಜನವರಿ ಫೆಬ್ರವರಿಗೆ ಪಾಯಿಂಟ್ ಪೆಡ್ರೋ. ಪ್ರವಾಸದ ಪುಸ್ತಕಗಳು 'ಜನವರಿ ಒಳ್ಳೆಯ ಕಾಲ' ಅಂತ ಒಟ್ಟಾರೆ ಹೇಳುವುದು ಕಾರಿನಲ್ಲಿ ಹೋಗುವವರಿಗೆ ಸರಿ.

ಕೆಳಗಿನ ದೂರಗಳೆಲ್ಲ ಜಾಫ್ನಾ ಕೋಟೆಯಿಂದ, ಹತ್ತಿರ ಹತ್ತಿರದ ಲೆಕ್ಕ. ಪೋರ್ಚುಗೀಸರು ಕಟ್ಟಿ, 1658ರಲ್ಲಿ ಡಚ್ಚರು ಹಿಡಿದು ಐದು ಮೂಲೆಯಾಗಿ ಬದಲಿಸಿದ ಕೋಟೆ ಅದು. 1981ರಲ್ಲಿ ಸುಟ್ಟು ಮತ್ತೆ ಎದ್ದು ನಿಂತ ಸಾರ್ವಜನಿಕ ಗ್ರಂಥಾಲಯವೂ ಪಕ್ಕದಲ್ಲೇ ಇದೆ.

ಮೊದಲ ಸಲಕ್ಕೆ: ಊರ್ಕಾವಲ್ತುರೈ, ಕಾರೈನಗರ ಸುತ್ತು

ಒಂದೇ ದಿನ ಇದೆ, ಒಂದೇ ದಾರಿ ಹೇಳಿ ಅಂದರೆ ನಾನು ಹೇಳುವುದು ಇದನ್ನೇ. ಸುಮಾರು 50 ಕಿ.ಮೀ. ಬಂದ ದಾರಿಯಲ್ಲೇ ವಾಪಸ್ ಬರುವ ಬೇಸರ ಇಲ್ಲ.

ಕೋಟೆಯ ಪಕ್ಕದಲ್ಲೇ ಪಣ್ಣೈ ಏರಿ ರಸ್ತೆ ಶುರುವಾಗುತ್ತದೆ. ಆಳವಿಲ್ಲದ ಹಿನ್ನೀರಿಗೆ ಕಲ್ಲು ಮಣ್ಣು ತುಂಬಿ ಕಟ್ಟಿದ ದಾರಿ, ಎರಡೂ ಕಡೆ ನೀರು. ಮೀನು ಹಿಡಿಯಲು ನೆಟ್ಟ ಕೋಲು, ಬಲೆ, ಮೊಣಕಾಲು ನೀರಿನಲ್ಲಿ ನಡೆದಾಡುವ ಮೀನುಗಾರರು. ಮಳೆಗಾಲ ಮುಗಿದ ಮೇಲೆ ಹೋದರೆ ಫ್ಲೆಮಿಂಗೋ ಹಿಂಡು ಕಾಣುವ ಅದೃಷ್ಟವೂ ಇರಬಹುದು. ಅಲ್ಲೈಪಿಟ್ಟಿ, ವೇಲಣೈ ದಾಟಿ ಸುಮಾರು 20 ಕಿ.ಮೀ.ಗೆ ಊರ್ಕಾವಲ್ತುರೈ ಸಿಗುತ್ತದೆ. ನಕ್ಷೆಗಳಲ್ಲಿ ಇದರ ಹೆಸರು ಕೈಟ್ಸ್. ಒಂದು ಕಾಲದ ಗಟ್ಟಿ ಬಂದರು, ಈಗ ತೂಕಡಿಸುವ ಊರು. ದಾರಿಯುದ್ದಕ್ಕೂ ಛಾವಣಿ ಹೋದ ಮನೆಗಳು ಕಾಣುತ್ತವೆ. ಯುದ್ಧದ ಕಾಲದಲ್ಲಿ ಊರು ಬಿಟ್ಟು ಕೆನಡಾ, ಸ್ವಿಟ್ಜರ್ಲೆಂಡ್, ಫ್ರಾನ್ಸ್ ಸೇರಿದವರ ಮನೆಗಳವು. ಅಂಗಳದಲ್ಲಿ ಆಡು ಮೇಯುತ್ತಿರುತ್ತವೆ.

ಊರ್ಕಾವಲ್ತುರೈ ದಕ್ಕೆಯಿಂದ ಎದುರಿಗೆ ಕಾರೈನಗರ. ನಡುವೆ ಕಿರಿದಾದ ಕಾಲುವೆಯಂಥ ಸಮುದ್ರ. ಜನ, ಸೈಕಲ್, ಬೈಕು ದಾಟಿಸುವ ತೆಪ್ಪದಂಥ ಫೆರ್ರಿ ಇದೆ. ಕೆಟ್ಟು ನಿಲ್ಲುವ ದಿನಗಳೂ ಇವೆ, ಹಾಗಾಗಿ ಜಾಫ್ನಾ ಬಿಡುವ ಮೊದಲೇ ಒಮ್ಮೆ ಕೇಳಿ. ದಾಟುವಾಗ ನೀರಿನ ನಡುವೆ ಒಂದು ಪುಟ್ಟ ಕೋಟೆ ಕಾಣುತ್ತದೆ, ಹಮ್ಮೆನ್‌ಹೀಲ್. ಪೋರ್ಚುಗೀಸರು ಕಟ್ಟಿ, ಡಚ್ಚರು ಮತ್ತೆ ಕಟ್ಟಿಸಿದ್ದು, ಆಮೇಲೆ ಸೆರೆಮನೆ ಆಗಿತ್ತು, ಈಗ ನೌಕಾಪಡೆಯವರು ಅದನ್ನು ಹೋಟೆಲ್ ಮಾಡಿದ್ದಾರೆ.

ಕಾರೈನಗರದಲ್ಲಿ ಈಳತ್ತು ಚಿದಂಬರಂ ಎಂದು ಕರೆಯುವ ಶಿವನ ಗುಡಿ ಇದೆ. ಉತ್ತರ ದಂಡೆಯಲ್ಲಿ ಕ್ಯಾಸುವರಿನಾ ಬೀಚ್. ಗಾಳಿ ಮರಗಳ ಸಾಲು, ತುಂಬಾ ದೂರದವರೆಗೆ ಸೊಂಟ ಮುಟ್ಟದ ಸಮುದ್ರ. ಈಜು ಬಾರದವರೂ ಇಳಿಯಬಹುದು. ಅಲ್ಲಿಂದ ಪೊನ್ನಾಲೈ ಏರಿ ರಸ್ತೆ, ವಟ್ಟುಕೋಟ್ಟೈ ಮೂಲಕ ಜಾಫ್ನಾ. ವಟ್ಟುಕೋಟ್ಟೈಯಲ್ಲಿ ಅಮೆರಿಕನ್ ಮಿಷನರಿಗಳು 1823ರಲ್ಲಿ ಬ್ಯಾಟಿಕೋಟಾ ಸೆಮಿನರಿ ಶುರು ಮಾಡಿದ್ದರು. ಆ ಆವರಣ ಈಗ ಜಾಫ್ನಾ ಕಾಲೇಜು.

ಈ ಸುತ್ತನ್ನು ಯಾವ ಕಡೆಯಿಂದ ತಿರುಗಬೇಕು? ಯಾವ ತಿಂಗಳಾದರೂ ಊರ್ಕಾವಲ್ತುರೈ ಮೊದಲು. ಚೋಳಗಂ ಕಾಲದಲ್ಲಿ ಎದುರು ಗಾಳಿಯ ಭಾಗ ಬೆಳಿಗ್ಗೆಯೇ ಮುಗಿಯುತ್ತದೆ. ವಾಡೈ ಕಾಲದಲ್ಲಿ ತೆರೆದ ಏರಿಯ ಮೇಲೆ ಗಾಳಿ ಹಿಂದಿನಿಂದ ತಳ್ಳುತ್ತದೆ, ವಾಪಸ್ ಬರುವಾಗ ಪಕ್ಕದಿಂದ ಹೊಡೆದರೂ ವಟ್ಟುಕೋಟ್ಟೈ ಕಡೆ ಮನೆ, ಮರ, ಬೇಲಿಗಳ ಮರೆ ಇರುತ್ತದೆ. ಉಲ್ಟಾ ಹೋದರೆ ನಡು ಮಧ್ಯಾಹ್ನ ಪಣ್ಣೈ ಏರಿಯ ಮೇಲೆ ಎದುರು ಗಾಳಿಗೆ ಸಿಕ್ಕಿಕೊಳ್ಳುತ್ತೀರಿ. ಅಲ್ಲಿ ನಿಲ್ಲಲೂ ನೆರಳಿಲ್ಲ.

ಪುಂಗುಡುತೀವು, ಅಲ್ಲಿಂದ ದೋಣಿ

ಇದು ಎಲ್ಲರೂ ಫೋಟೋ ಹಾಕುವ ದಾರಿ. ವೇಲಣೈವರೆಗೆ ಮೇಲಿನ ದಾರಿಯೇ. ಅಲ್ಲಿ ಎಡಕ್ಕೆ ತಿರುಗಿದರೆ ಇನ್ನೊಂದು ಉದ್ದನೆಯ ಏರಿ ರಸ್ತೆ, ಆಮೇಲೆ ಪುಂಗುಡುತೀವು, ಕೊನೆಗೆ ಕುರಿಕಟ್ಟುವಾನ್ ದಕ್ಕೆ. ಸುಮಾರು 30 ಕಿ.ಮೀ. ಹೋಗಿ ಬಂದರೆ 60. ರಸ್ತೆ ಡಾಂಬರು, ವಾಹನ ಕಮ್ಮಿ. ಬಸ್ಸು ಬಂದಾಗ ಮಾತ್ರ ಪಕ್ಕಕ್ಕೆ ಸರಿಯಿರಿ, ದೋಣಿ ಹಿಡಿಸುವ ಅವಸರದಲ್ಲಿ ಅವರು ಜೋರಾಗಿ ಬರುತ್ತಾರೆ.

ಸುಂದರವಾದ ದಾರಿ, ಅನುಮಾನ ಇಲ್ಲ. ಆದರೆ ಹೊಸಬರಿಗೆ ನಾನು ಇದನ್ನು ಮೊದಲು ಹೇಳುವುದಿಲ್ಲ. ವೇಲಣೈ ದಾಟಿದ ಮೇಲೆ ಅಂಗಡಿಗಳು ವಿರಳ. ದ್ವೀಪಗಳಲ್ಲಿ ಸಿಹಿನೀರಿಗೇ ಕಷ್ಟ, ಬಾವಿ ನೀರು ಉಪ್ಪು. ಹೊರಡುವಾಗಲೇ ಮೂರು ಲೀಟರ್ ಇರಲಿ. ಇನ್ನೊಂದು ವಿಷಯ, ದೋಣಿಯ ವೇಳೆ ನಿಮ್ಮ ಸವಾರಿಯನ್ನು ಆಳುತ್ತದೆ. ಬೆಳಗಿನ ದೋಣಿ ಹಿಡಿಯಬೇಕೆಂದರೆ ಐದೂವರೆಗೆ ಕೋಟೆ ಬಿಡಬೇಕು. ಅಲ್ಲಿ ನಮ್ಮದೇ ಗಡಿಯಾರ, ಹೊತ್ತು ಬದಲಿಸುವ ಕೆಲಸ ಇಲ್ಲ.

ಕುರಿಕಟ್ಟುವಾನ್‌ನಲ್ಲಿ ಎರಡು ದೋಣಿಗಳ ನಡುವೆ ಆಯ್ಕೆ. ನಯಿನಾತೀವು ಹತ್ತಿರ, ಕಾಲು ಗಂಟೆ, ಇಪ್ಪತ್ತು ನಿಮಿಷ. ಅಲ್ಲಿ ನಾಗಪೂಷಣಿ ಅಮ್ಮನ ಗುಡಿ. ಅದೇ ಪುಟ್ಟ ದ್ವೀಪದಲ್ಲಿ ಬುದ್ಧ ಬಂದಿದ್ದ ಎಂದು ಸಿಂಹಳೀಯರು ನಂಬುವ ನಾಗದೀಪ ವಿಹಾರ. ಹಿಂದೂಗಳೂ ಬೌದ್ಧರೂ ಒಂದೇ ದೋಣಿಯಲ್ಲಿ ಕಿಕ್ಕಿರಿದು ಬರುತ್ತಾರೆ. ನಯಿನಾತೀವಿಗೆ ಸೈಕಲ್ ಒಯ್ಯುವ ಅಗತ್ಯ ಇಲ್ಲ, ನಡೆದೇ ನೋಡಬಹುದು. ದಕ್ಕೆಯ ಹತ್ತಿರ ಬೀಗ ಹಾಕಿ ಹೋಗಿ. ಹುಣ್ಣಿಮೆ ದಿನ ಮಾತ್ರ ಬೇಡ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆ ಸಾರ್ವಜನಿಕ ರಜೆ, ಆವತ್ತು ದೋಣಿ ಸಾಲು ನೋಡಿದರೇ ಸಾಕು, ಉತ್ಸಾಹ ಇಳಿಯುತ್ತದೆ.

ನೆಡುಂತೀವು ಅಂದರೆ ಡೆಲ್ಫ್ಟ್. ಅದು ಬೇರೆಯೇ ಕಥೆ. ದೋಣಿಯಲ್ಲಿ ಒಂದು ಗಂಟೆ, ಸೈಕಲ್ ಜೊತೆಗೆ ಒಯ್ಯಬೇಕು. ದೋಣಿಯವರು ಮೇಲೆ ಎಳೆದುಕೊಳ್ಳುತ್ತಾರೆ. ಉಪ್ಪು ನೀರು ಸಿಡಿಯುತ್ತದೆ, ಚೈನಿಗೆ ಎಣ್ಣೆ ಜಾಸ್ತಿ ಇರಲಿ. ಸುಮಾರು 50 ಚದರ ಕಿ.ಮೀ. ದ್ವೀಪ. ಹವಳದ ಕಲ್ಲನ್ನು ಗಾರೆ ಇಲ್ಲದೆ ಪೇರಿಸಿದ ಬೇಲಿಗಳು ಎಲ್ಲೆಲ್ಲೂ. ಯುರೋಪಿಯನ್ನರು ತಂದು ಬಿಟ್ಟುಹೋದ ಕುದುರೆಗಳ ಸಂತತಿ ಈಗ ಬಯಲಲ್ಲಿ ಕಾಡು ಕುದುರೆಗಳಾಗಿ ಮೇಯುತ್ತಿದೆ. ಡಚ್ಚರ ಕೋಟೆಯ ಅವಶೇಷ, ಪಾರಿವಾಳ ಗೂಡಿನ ಗೋಪುರ, ಒಂದು ಭಾರೀ ಬಾವೊಬಾಬ್ ಮರ. ಮುಖ್ಯ ರಸ್ತೆ ಬಿಟ್ಟರೆ ಹವಳದ ಪುಡಿ, ಜಲ್ಲಿ. 25 ಮಿಲಿಮೀಟರಿನ ಟಯರಿಗೆ ಅದು ಸರಿಹೋಗದು. ಮಧ್ಯಾಹ್ನದ ವಾಪಸ್ ದೋಣಿ ತಪ್ಪಿದರೆ ರಾತ್ರಿ ಅಲ್ಲೇ.

ಇಲ್ಲೊಂದು ತೊಡಕು ಇದೆ. ರಸ್ತೆಯ ಗಾಳಿ ಲೆಕ್ಕದಲ್ಲಿ ದ್ವೀಪದ ದಾರಿಗೆ ಜೂನ್, ಜುಲೈ ಚೆನ್ನಾಗಿದೆ. ಆದರೆ ನೆಡುಂತೀವಿನ ಸಮುದ್ರಕ್ಕೆ ಅದೇ ಕೆಟ್ಟ ಕಾಲ. ಅಲೆ ಎದ್ದು ದೋಣಿ ನಿಲ್ಲುವುದೂ ಉಂಟು. ನೆಡುಂತೀವು ನೋಡಲೇಬೇಕು ಎನ್ನುವವರು ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಹೋಗಿ, ಬಿಸಿಲು ಸಹಿಸಿಕೊಳ್ಳಿ. ಬೇರೆ ತಿಂಗಳಾದರೆ ನಯಿನಾತೀವಿಗೇ ನಿಲ್ಲಿಸಿ.

ಉತ್ತರ ದಂಡೆ: ಕೀರಿಮಲೈ

ನೆರಳು ಬೇಕು, ಊರು ಬೇಕು, ತಿಂಡಿ ಬೇಕು ಎನ್ನುವವರಿಗೆ ಇದು. 50ರಿಂದ 60 ಕಿ.ಮೀ. ಸುತ್ತು. ಕಾಂಕೇಸನ್‌ತುರೈ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಚುನ್ನಾಕಂ ಮಾರುಕಟ್ಟೆ, ತೆಲ್ಲಿಪ್ಪಳೈ. ಎರಡೂ ಕಡೆ ಕೆಂಪು ಮಣ್ಣಿನ ತೋಟಗಳು. ಈರುಳ್ಳಿ, ಹೊಗೆಸೊಪ್ಪು, ದ್ರಾಕ್ಷಿ, ಬಾಳೆ. ತಾಳೆ ಗರಿಯ ಎತ್ತರದ ಬೇಲಿಗಳು ಗಾಳಿಯನ್ನೂ ತಡೆಯುತ್ತವೆ, ಹಾಗಾಗಿ ಯಾವ ತಿಂಗಳಲ್ಲೂ ಈ ದಾರಿ ತೀರಾ ಕಾಡುವುದಿಲ್ಲ. ಬೆಳಗಿನ ಹೊತ್ತು ವಾಹನ ಇರುತ್ತದೆ, ಶಾಲೆ ಮಕ್ಕಳ ಸೈಕಲ್ಲೂ ಇರುತ್ತದೆ. ಜಾಫ್ನಾ ಇವತ್ತಿಗೂ ಸೈಕಲ್ ಊರು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಬಾರದಾಗ ಇಡೀ ಊರು ಸೈಕಲ್ ಮೇಲೆಯೇ ಬದುಕಿತ್ತು. ಸೀರೆ ಉಟ್ಟ ಅಜ್ಜಿ ಲುಮಾಲಾ ಸೈಕಲ್‌ನಲ್ಲಿ ನಿಮ್ಮನ್ನು ಹಿಂದೆ ಹಾಕಿದರೆ ಬೇಜಾರು ಮಾಡಿಕೊಳ್ಳಬೇಡಿ.

ಚುನ್ನಾಕಂ ಹತ್ತಿರ ಸ್ವಲ್ಪ ಒಳಗೆ ಹೋದರೆ ಕಂದರೋಡೈ. ಹವಳದ ಸುಣ್ಣಕಲ್ಲಿನ ಚಿಕ್ಕ ಚಿಕ್ಕ ಸ್ತೂಪಗಳ ಗುಂಪು, ತಾಳೆ ಮರಗಳ ನಡುವೆ. ಹತ್ತು ನಿಮಿಷ ಸಾಕು, ಆದರೆ ಬಿಡಬೇಡಿ. ಕಾಂಕೇಸನ್‌ತುರೈಯಲ್ಲಿ ನಿಂತುಹೋದ ಸಿಮೆಂಟ್ ಕಾರ್ಖಾನೆ ಕಾಣುತ್ತದೆ. ಕೀರಿಮಲೈಯಲ್ಲಿ ಸಮುದ್ರದ ಮಗ್ಗುಲಲ್ಲೇ ಸಿಹಿನೀರಿನ ಬುಗ್ಗೆ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳ, ಪಕ್ಕದಲ್ಲಿ ನಗುಲೇಶ್ವರಂ ಗುಡಿ. ಸವಾರಿಯ ನಡುವೆ ಆ ತಣ್ಣೀರಿಗೆ ಇಳಿಯುವ ಸುಖಕ್ಕಾಗಿಯೇ ಈ ದಾರಿ ಆರಿಸಿದರೂ ತಪ್ಪಿಲ್ಲ.

ಮುಂದೆ ದಂಡೆ ಹಿಡಿದು ಮಾದಗಲ್. ಅಶೋಕನ ಮಗಳು ಸಂಘಮಿತ್ರೆ ಬೋಧಿ ಸಸಿ ತಂದು ಇಳಿದಳೆಂದು ಹೇಳುವ ಜಂಬುಕೋಳ ಇಲ್ಲೇ. ಆಮೇಲೆ ಪೊನ್ನಾಲೈ, ವಟ್ಟುಕೋಟ್ಟೈ, ಜಾಫ್ನಾ. ವಾಡೈ ಕಾಲದಲ್ಲಿ ಈ ಕ್ರಮವೇ ಸರಿ. ಚೋಳಗಂ ಕಾಲದಲ್ಲಿ ತಿರುಗಿಸಿ, ಪೊನ್ನಾಲೈ ಮೊದಲು.

ಕೀರಿಮಲೈಯಿಂದ ದಂಡೆಯಲ್ಲೇ ಪೂರ್ವಕ್ಕೆ ನೇರ ಪಾಯಿಂಟ್ ಪೆಡ್ರೋಗೆ ಹೋಗಬಹುದು ಅಂತ ನಕ್ಷೆ ಆಸೆ ಹುಟ್ಟಿಸುತ್ತದೆ. ಪಲಾಲಿ ವಿಮಾನ ನಿಲ್ದಾಣದ ಸುತ್ತ ಸೇನೆಯ ಜಾಗ. ಕೆಲವು ರಸ್ತೆ ತೆರೆದಿವೆ, ಕೆಲವಕ್ಕೆ ಷರತ್ತುಗಳಿವೆ. ಅದನ್ನು ನಂಬಿ ದಾರಿ ಹಾಕಬೇಡಿ. ಒಳಗಿನ ಅಚ್ಚುವೇಲಿ ಕಡೆಯಿಂದ ಸುತ್ತಿ ಹೋಗಿ.

ಪಾಯಿಂಟ್ ಪೆಡ್ರೋ

ಊರಿನ ಹೆಸರು ಪರುತ್ತಿತ್ತುರೈ. ನೇರ ಹೋದರೆ 33 ಕಿ.ಮೀ. ಆಸುಪಾಸು. ಸುತ್ತಿ ಬಂದರೆ 75ರವರೆಗೆ. ಹೋಗುವಾಗ ಅಚ್ಚುವೇಲಿ, ತೊಂಡೈಮಾನಾರು ಮೂಲಕ ಹೋಗಿ. ದಾರಿಯಲ್ಲಿ ಪುತ್ತೂರಿನ ನಿಲಾವರೈ ಬಾವಿ ಸಿಗುತ್ತದೆ, ತಳವೇ ಇಲ್ಲ ಎಂದು ಜನ ನಂಬಿದ್ದ ಬಾವಿ. ಮೇಲೆ ಸಿಹಿನೀರು, ಆಳಕ್ಕೆ ಹೋದಂತೆ ಉಪ್ಪು. ತೊಂಡೈಮಾನಾರಿನಲ್ಲಿ ಸೆಲ್ವ ಸನ್ನಿಧಿ ಮುರುಗನ ಗುಡಿ. ಅಲ್ಲಿಂದ ವಲ್ವೆಟ್ಟಿತ್ತುರೈ ದಾಟಿ ಪಾಯಿಂಟ್ ಪೆಡ್ರೋವರೆಗೆ ರಸ್ತೆ ಕಡಲಿಗೆ ಅಂಟಿಕೊಂಡೇ ಹೋಗುತ್ತದೆ. ಶ್ರೀಲಂಕಾದ ಉತ್ತರದ ತುತ್ತ ತುದಿ ಇದೇ ತೀರದಲ್ಲಿ, ಸಕ್ಕೋಟೈ ಭೂಶಿರ. ನನ್ನ ಮಟ್ಟಿಗೆ ಇಡೀ ಜಾಫ್ನಾದಲ್ಲಿ ಸೈಕಲ್ ತುಳಿಯಲು ಅತ್ಯಂತ ಒಳ್ಳೆಯ ಹತ್ತು ಕಿಲೋಮೀಟರ್ ಇದು. ದ್ವೀಪದ ಏರಿಗಳಿಗಿಂತಲೂ ಇದನ್ನೇ ಮೇಲಿಡುತ್ತೇನೆ, ಏಕೆಂದರೆ ಇಲ್ಲಿ ಕಡಲೂ ಇದೆ, ಬದುಕೂ ಇದೆ. ಬಲೆ ಹೆಣೆಯುವವರು, ಮೀನು ಒಣಗಿಸುವವರು, ರಸ್ತೆ ಬದಿ ಚಹಾ.

ಪಾಯಿಂಟ್ ಪೆಡ್ರೋ ಪೇಟೆಯಲ್ಲಿ ತೆರುಮೂಡಿ ಮಡಂ ನೋಡಿ. ರಸ್ತೆಯ ಮೇಲೆಯೇ ಚಾವಣಿ ಹೊದಿಸಿದ ಕಲ್ಲಿನ ಛತ್ರ, ಅದರೊಳಗೇ ದಾರಿ ಹಾದುಹೋಗುತ್ತದೆ. ಊರಿನ ಹೆಸರಿನ ವಡೆಯೊಂದಿದೆ, ತೆಳ್ಳಗೆ, ಗರಿಗರಿ, ಥೇಟ್ ನಮ್ಮ ನಿಪ್ಪಟ್ಟು. ಒಂದು ಪೊಟ್ಟಣ ಜೇಬಿಗೆ ಹಾಕಿಕೊಂಡರೆ ವಾಪಸ್ ದಾರಿಗೆ ಉಪ್ಪಿನಂಶ ಆಯಿತು. ಬರುವಾಗ ನೆಲ್ಲಿಯಡಿ ಮೂಲಕ ನೇರ ರಸ್ತೆ. ನಡುವೆ ವಲ್ಲೈ ಬಯಲು ಬರುತ್ತದೆ. ಅಲ್ಲಿ ಏನೂ ಮರೆ ಇಲ್ಲ. ಜನವರಿಯಲ್ಲಿ ಆ ಬಯಲಲ್ಲಿ ಗಾಳಿ ಬೆನ್ನಿಗಿದ್ದು ಸೈಕಲ್ ತಾನಾಗಿ ಓಡುತ್ತದೆ. ಜುಲೈನಲ್ಲಿ ಹೋದರೆ ಅದೇ ಜಾಗದಲ್ಲಿ ಸುಮ್ನೆ ಗೇರ್ ಇಳಿಸಿಕೊಂಡು ತಲೆ ತಗ್ಗಿಸಿ ತುಳಿಯುವುದೇ ಕೆಲಸ.

ಉಳಿದೆರಡು, ದೂರ ಬೇಕೆನ್ನುವವರಿಗೆ

ಪಾಯಿಂಟ್ ಪೆಡ್ರೋದಿಂದ ಪೂರ್ವ ದಂಡೆಗೆ ಇಳಿದರೆ ವಲ್ಲಿಪುರಂ ಆಳ್ವಾರ್ ಗುಡಿ, ಮಣಲ್ಕಾಡಿನ ಮರಳು ದಿಬ್ಬ, ಮರಳಿನಲ್ಲಿ ಹೂತ ಹಳೆಯ ಚರ್ಚು. ಮಣಲ್ಕಾಡಿನವರೆಗೆ ಹೋಗಿ ತಿರುಗುವುದು ಎಲ್ಲರಿಗೂ ಆಗುತ್ತದೆ. ಅಲ್ಲಿಂದ ನಾಗರ್‌ಕೋವಿಲ್, ಮರುದಂಕೇಣಿ, ಪಳೈ ದಾಟಿ ಎ9 ಹೆದ್ದಾರಿಯಲ್ಲಿ ವಾಪಸ್ ಬಂದರೆ 100 ಕಿ.ಮೀ. ದಾಟುತ್ತದೆ. ನಿರ್ಜನ ದಾರಿ, ಮರಳು ರಸ್ತೆಗೆ ಹಾರಿರುತ್ತದೆ. ಯುದ್ಧದ ಮುಂಚೂಣಿ ಹಾದುಹೋದ ಜಾಗ ಇದು. ಮುಹಮಾಲೈ ಸುತ್ತ ನೆಲಬಾಂಬ್ ತೆಗೆಯುವ ಕೆಲಸ ವರ್ಷಗಟ್ಟಲೆ ನಡೆದಿದೆ. ತಲೆಬುರುಡೆಯ ಕೆಂಪು ಫಲಕ ಕಂಡ ಕಡೆ ಮೂತ್ರಕ್ಕೂ ರಸ್ತೆ ಬಿಟ್ಟು ಇಳಿಯಬೇಡಿ.

ದಕ್ಷಿಣಕ್ಕೆ 2011ರಲ್ಲಿ ತೆರೆದ ಸಂಗುಪಿಟ್ಟಿ ಸೇತುವೆ ದಾಟಿ ಪೂನಗರಿ, ಪರಂದನ್, ಆನೆಯಿರವು ಮೂಲಕ ಸುತ್ತುವುದೂ ಉಂಟು. ದೂರ ಹೆಚ್ಚು, ನೋಡುವುದು ಕಮ್ಮಿ, ಅರ್ಧ ಹೆದ್ದಾರಿ. ಸೇತುವೆವರೆಗೆ ಹೋಗಿ ಬನ್ನಿ, ಸಾಕು.

ಸೈಕಲ್, ಬಟ್ಟೆ, ಹೋಗುವ ದಾರಿ

ಎರಡು ದಿನ ಇದ್ದರೆ ಒಂದು ದಿನ ಕಾರೈನಗರ ಸುತ್ತು, ಇನ್ನೊಂದು ದಿನ ಗಾಳಿ ನೋಡಿ ಪಾಯಿಂಟ್ ಪೆಡ್ರೋ ಅಥವಾ ಪುಂಗುಡುತೀವು. ಮನೆಯವರ ಜೊತೆ ಹೋದರೆ ಕೀರಿಮಲೈ ಸೇರಿಸಿ, ಅವರು ಆಟೋದಲ್ಲಿ ಬಂದು ಅಲ್ಲೇ ಸೇರಿಕೊಳ್ಳಬಹುದು. ನಾಲ್ಕು ದಿನ ಇದ್ದರೆ ಮಾತ್ರ ನೆಡುಂತೀವಿನ ಯೋಚನೆ ಮಾಡಿ.

ಸ್ವಂತ ಸೈಕಲ್ ಒಯ್ಯುವುದಾದರೆ 28ರಿಂದ 32 ಮಿಲಿಮೀಟರ್ ಟಯರ್ ಹಾಕಿ. ರಸ್ತೆ ಬದಿ ಬಿದ್ದ ತಾಳೆ ಗರಿಯ ದಿಂಡಿಗೆ ಎರಡೂ ಅಂಚಿನಲ್ಲಿ ಗರಗಸದ ಹಲ್ಲು, ತೆಳು ಟಯರನ್ನು ಸೀಳಿಬಿಡುತ್ತದೆ. ಪಂಕ್ಚರ್ ಅಂಗಡಿ ಪ್ರತಿ ಊರಲ್ಲೂ ಸಿಗುತ್ತದೆ, ದ್ವೀಪಗಳಲ್ಲಿ ನಂಬಬೇಡಿ. ಆ ಅಂಗಡಿಗಳಿಗೆ ಊರಿನ ಸೈಕಲ್ ಚೆನ್ನಾಗಿ ಗೊತ್ತು, ನಿಮ್ಮ ರೋಡ್ ಬೈಕಿನ ಟ್ಯೂಬು ಅಲ್ಲಿರಲಿಕ್ಕಿಲ್ಲ. ಎರಡು ಟ್ಯೂಬು ಜೊತೆಗಿರಲಿ. ಬಾಡಿಗೆಗಾದರೆ ಅತಿಥಿಗೃಹಗಳಲ್ಲಿ ಗೇರ್ ಇಲ್ಲದ ಸೈಕಲ್ ಸಿಗುತ್ತದೆ. ಕಾರೈನಗರ ಸುತ್ತಿಗೂ ಕೀರಿಮಲೈಗೂ ಅದು ಸಾಕು. ಸೀಟು ಎತ್ತರ ಸರಿ ಮಾಡಿಸಿಕೊಳ್ಳಿ, ಅಷ್ಟೇ.

ಚೀಲದಲ್ಲಿ ಒಂದು ತೆಳು ಪಂಚೆ ಇಟ್ಟುಕೊಳ್ಳಿ, ಹೆಂಗಸರು ಉದ್ದನೆಯ ಬಟ್ಟೆ. ಸೈಕಲ್ ಚಡ್ಡಿಯಲ್ಲಿ ಗುಡಿಯೊಳಗೆ ಬಿಡುವುದಿಲ್ಲ. ಜಾಫ್ನಾ ಪೇಟೆಯ ನಲ್ಲೂರು ಮುರುಗನ ಗುಡಿಯಲ್ಲೂ ನಯಿನಾತೀವಿನಲ್ಲೂ ಗಂಡಸರು ಅಂಗಿ ತೆಗೆಯಬೇಕು. ನಲ್ಲೂರು ಜಾತ್ರೆ ಜುಲೈ, ಆಗಸ್ಟ್‌ನಲ್ಲಿ 25 ದಿನ ನಡೆಯುತ್ತದೆ. ಆಗ ಕೋಣೆ ಸಿಗುವುದು ಕಷ್ಟ, ಪೇಟೆಯೊಳಗೆ ಸೈಕಲ್ ನುಗ್ಗಿಸುವುದೂ ಕಷ್ಟ. ದಾರಿಯಲ್ಲಿ ತಿನ್ನಲು ತಾಳೆ ಗರಿಯ ಪುಟ್ಟ ಪೊಟ್ಟಣದಲ್ಲಿ ತಾಳೆ ಬೆಲ್ಲ ಸಿಗುತ್ತದೆ. ಪೇಟೆಯಲ್ಲಿ ಮಾರುವ ಎನರ್ಜಿ ಜೆಲ್‌ಗಿಂತ ಅಗ್ಗ, ರುಚಿಯೂ ಜಾಸ್ತಿ. ತಾಟಿನುಂಗಿನ ಕಾಲವಾದರೆ ಅದನ್ನೂ ಬಿಡಬೇಡಿ. ಭಾಷೆ ತಮಿಳು. ಬೆಂಗಳೂರಿನವರ ತಮಿಳು ಅಲ್ಲಿ ನಡೆಯುತ್ತದೆ, ಆದರೆ ಅವರ ಉತ್ತರ ಅರ್ಥವಾಗಲು ಅರ್ಧ ದಿನ ಬೇಕು.

ಹೋಗಲು ಮೂರು ದಾರಿ. ಚೆನ್ನೈಯಿಂದ ನೇರ ವಿಮಾನ ಇದೆ, ಪಲಾಲಿಯಲ್ಲಿ ಇಳಿದರೆ ಪೇಟೆಗೆ ಹದಿನೈದಿಪ್ಪತ್ತು ಕಿ.ಮೀ. ಅದು ಸಣ್ಣ ವಿಮಾನ. ಸೈಕಲ್ ಪೆಟ್ಟಿಗೆ ತೆಗೆದುಕೊಳ್ಳುತ್ತಾರಾ ಅಂತ ಟಿಕೆಟ್ ಮಾಡಿಸುವ ಮೊದಲೇ ಕೇಳಿ, ಆಮೇಲೆ ಕೇಳಿ ಪ್ರಯೋಜನ ಇಲ್ಲ. ನಾಗಪಟ್ಟಣದಿಂದ ಕಾಂಕೇಸನ್‌ತುರೈಗೆ ಹಡಗು 2023ರಲ್ಲಿ ಮತ್ತೆ ಶುರುವಾಯಿತು, ನಡುವೆ ನಿಂತೂ ಇದೆ. ಮಳೆಗಾಲದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಇನ್ನೊಂದು, ಕೊಲಂಬೊಗೆ ವಿಮಾನ, ಅಲ್ಲಿಂದ ರೈಲು, ಸುಮಾರು 400 ಕಿ.ಮೀ. ಯುದ್ಧದಲ್ಲಿ ಕಿತ್ತುಹೋಗಿದ್ದ ಹಳಿ 2014ರಲ್ಲಿ ಮತ್ತೆ ಜಾಫ್ನಾ ಮುಟ್ಟಿತು. ದೊಡ್ಡ ಪೆಟ್ಟಿಗೆ ಇರುವವರಿಗೆ ಸುತ್ತಾದರೂ ಇದೇ ವಾಸಿ. ವೀಸಾ ಅನುಮತಿ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿ. ದ್ವೀಪದ ದೋಣಿ ಹತ್ತುವ ದಿನ ಪಾಸ್‌ಪೋರ್ಟ್ ಚೀಲದಲ್ಲೇ ಇರಲಿ, ನೌಕಾಪಡೆಯವರು ಕೇಳಬಹುದು.